ಮನೆಯವರಿಗೆ ಮಾತ್ರ ತಿಳಿದ ಸ್ವಿಚ್ಚು

ನಮ್ಮ ಕಡೆಯ ಮನೆಗಳಲ್ಲಿ ಗ್ಯಾರೇಜ್ ಅನ್ನುವ ಕೋಣೆ ಇರುವುದಿಲ್ಲ. ಕಾರು ಇಟ್ಟವರು ಅದನ್ನು ಬೀದಿಯಲ್ಲೇ ನಿಲ್ಲಿಸಿ, ಮೇಲೊಂದು ಬಟ್ಟೆ ಹೊದಿಸಿ, ಆ ಜಾಗ ಯಾರದು ಅಂತ ಎದುರು ಮನೆಯವರ ಜೊತೆ ಜಗಳ ಆಡಿಕೊಂಡಿರುತ್ತಾರೆ. ಆದರೆ ವರ್ಕ್‌ಶಾಪ್ ಇಲ್ಲದ ಮನೆ ಬೇಕು ಅಂದರೆ ಮಾತ್ರ ಸೇಲಂ, ಧರ್ಮಪುರಿ ಸೀಮೆಯ ನೇಕಾರರ ಬೀದಿಯಲ್ಲಿ ಅದು ಸಿಗುವುದು ಕಷ್ಟ. ನಮಗೆ ನಡುಮನೆಯೇ ವರ್ಕ್‌ಶಾಪ್. ನೆಲದಲ್ಲೊಂದು ಗುಂಡಿ, ಗುಂಡಿಯಲ್ಲಿ ಕಾಲು, ಕಾಲಿನ ಕೆಳಗೆ ತುಳಿಯುವ ಹಲಗೆ, ಎದುರಿಗೆ ಮಗ್ಗ. ಮನೆಯಲ್ಲಿ ಏನೇ ಕಳೆದುಹೋದರೂ ಮೊದಲು ಹುಡುಕುವುದು ಆ ಗುಂಡಿಯಲ್ಲಿ. ಸ್ಕ್ರೂ, ಸೂಜಿ, ಮಕ್ಕಳ ಪೆನ್ಸಿಲ್ಲು, ಅಜ್ಜಿಯ ಕಿವಿಯೋಲೆಯ ತಿರುಪು, ಎಲ್ಲಕ್ಕೂ ಕೊನೆಯ ವಿಳಾಸ ಅದೇ.

ನಾವು ದೇವಾಂಗದವರು, ಚೌಡೇಶ್ವರಿ ಒಕ್ಕಲು. ಬಾಯಲ್ಲಿ ಕನ್ನಡ, ಬರಹದಲ್ಲಿ ತಮಿಳು, ಬೈಗುಳದಲ್ಲಿ ಎರಡೂ. ಸೇಲಂ ಪಟ್ಟಣ, ಎಳಂಪಿಳ್ಳೈ, ಜಲಕಂಠಪುರಂ, ಧರ್ಮಪುರಿ, ಎಲ್ಲಾ ಕಡೆ ನೆಂಟರು. ಯಾವ ನೆಂಟರ ಮನೆಗೆ ಹೋದರೂ ಮಗ್ಗದ ಪಕ್ಕದಲ್ಲೊಂದು ಟಿವಿಎಸ್ ಗಾಡಿ, ಗಾಡಿಯ ಪಕ್ಕದಲ್ಲಿ ಬಿಚ್ಚಿಟ್ಟ ಮಿಕ್ಸಿ, ಮಿಕ್ಸಿಯ ಪಕ್ಕದಲ್ಲಿ ಅದನ್ನು ಬಿಚ್ಚಿದ ಗಂಡಸು ಇದ್ದೇ ಇರುತ್ತಾನೆ. ಅವನಿಗೆ ಕಾಫಿ ಕೊಟ್ಟು ದಾಟಿಕೊಂಡು ಒಳಗೆ ಹೋಗುವುದು ಸಂಪ್ರದಾಯ.

ನಮ್ಮ ಪಕ್ಕದ ಮನೆಯ ಮಾವ ಅಂಥ ಗಂಡಸರಲ್ಲಿ ಹಿರಿಯರು. ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ತಲೆಯೇ ಅವರ ಮೇಜು. ಅದರ ಮೇಲೆ ಸ್ಪ್ಯಾನರು, ಕಟಿಂಗ್ ಪ್ಲೈಯರ್, ತೆಂಗಿನೆಣ್ಣೆಯ ಬಾಟಲಿ, ಟೆಸ್ಟರು, ಇನ್‌ಸುಲೇಷನ್ ಟೇಪು. ಅರ್ಧ ಸಾಮಾನು ನಮ್ಮ ಕಡೆಗೇ ಬೀಳುತ್ತದೆ. "ಏನಮ್ಮಾ, ಹತ್ತರ ಸ್ಪ್ಯಾನರ್ ಆ ಕಡೆ ಬಿತ್ತಾ ನೋಡು" ಅನ್ನುವುದು ನಮ್ಮ ಬೆಳಗಿನ ಸುಪ್ರಭಾತ. ನಾನು ಲಾಳಿ ನಿಲ್ಲಿಸಿ, ಎದ್ದು, ಹೆಕ್ಕಿ ಕೊಟ್ಟು, ಹಾಗೇ ಒಂದಿಷ್ಟು ಮಾತಾಡಿ ಬಂದರೆ ಅವತ್ತಿನ ಪಂಚೆ ಒಂದು ಗೇಣು ಕಡಿಮೆ ನೇಯ್ದಿರುತ್ತೇನೆ. ಈ ನಷ್ಟವನ್ನು ಯಾವ ಸೊಸೈಟಿಯೂ ಕಟ್ಟಿಕೊಡುವುದಿಲ್ಲ.

ಮನೆಯನ್ನೇ ಕಾರ್ಖಾನೆ ಮಾಡಿಕೊಂಡಿರುವುದು ನಮ್ಮ ಇವತ್ತಿನ ಹಟ ಅಲ್ಲ. 1906ರಲ್ಲಿ ಮದ್ರಾಸ್ ಸರಕಾರ ಇದೇ ಸೇಲಂನಲ್ಲಿ ಒಂದು ಕೈಮಗ್ಗದ ಕಾರ್ಖಾನೆ ತೆರೆಯಿತು. ಅದರ ಹಿಂದೆ ಇದ್ದವರು ಆಲ್‌ಫ್ರೆಡ್ ಚಾಟರ್ಟನ್. ಮದ್ರಾಸಿನಲ್ಲಿ ಅಲ್ಯುಮಿನಿಯಂ ಪಾತ್ರೆಯ ಉದ್ಯಮ ಎಬ್ಬಿಸಿದವರು, ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರು. ಲಾಳಿಯನ್ನು ಕೈಯಿಂದ ಎಸೆಯುವ ಬದಲು ಹಗ್ಗ ಎಳೆದು ಓಡಿಸುವ ಮಗ್ಗವನ್ನು ಒಂದೇ ಸೂರಿನ ಕೆಳಗೆ ಸಾಲಾಗಿ ಹಾಕಿ, ನೇಕಾರರನ್ನು ಕೂಲಿಗೆ ಕರೆದರು. ನೇಕಾರರಿಗೆ ಮಗ್ಗದ ಮೇಲೆ ತಕರಾರಿರಲಿಲ್ಲ. ಗಂಟೆ ಹೊಡೆದಾಗ ಬರಬೇಕು, ಗಂಟೆ ಹೊಡೆದ ಮೇಲೆ ಹೋಗಬೇಕು ಅನ್ನುವುದು ಒಗ್ಗಲಿಲ್ಲ. ಸರಕಾರವೇ ಕಾರ್ಖಾನೆ ನಡೆಸುವುದು ಲಂಡನ್ನಿನ ದೊರೆಗಳಿಗೂ ಹಿಡಿಸಲಿಲ್ಲ. ಕೆಲವೇ ವರ್ಷದಲ್ಲಿ ಬಾಗಿಲು ಮುಚ್ಚಿತು. ಹಗ್ಗದ ಲಾಳಿ ಮಾತ್ರ ನಮ್ಮ ನಡುಮನೆಗೆ ಬಂದು ಇಲ್ಲೇ ಉಳಿಯಿತು.

ಈ ಕಥೆಗೆ ಮಾವನ ವ್ಯಾಖ್ಯಾನ ಬೇರೆ. "ಕಾರ್ಖಾನೆಯಲ್ಲಿ ಮಗ್ಗ ಕೆಟ್ಟರೆ ಮೇಸ್ತ್ರಿ ಬರೋ ತನಕ ಕಾಯಬೇಕಮ್ಮಾ. ಮನೇಲಾದ್ರೆ ನಾವೇ ಕೆಡಿಸಿ, ನಾವೇ ಸರಿಮಾಡಿ, ನಾವೇ ಮತ್ತೆ ಕೆಡಿಸಬಹುದು. ಯಾರ ಅಪ್ಪಣೆ ಬೇಕು?"

ತಮಾಷೆ ಹಾಗಿರಲಿ, ರಿಪೇರಿಯ ಅಭ್ಯಾಸ ನಮಗೆ ಬಂದಿರುವುದು ಮಗ್ಗದಿಂದಲೇ. ಹಾಸಿನಲ್ಲಿ ಒಂದು ಎಳೆ ಕಡಿಯಿತು ಅಂದರೆ ಅಲ್ಲೇ ನಿಲ್ಲಿಸಿ ಗಂಟು ಹಾಕಬೇಕು. ಸಾಯಂಕಾಲ ನೋಡೋಣ ಅಂದರೆ ಅಷ್ಟುದ್ದಕ್ಕೂ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಸೇಲಂ ವೆಣ್ಪಟ್ಟು ಅಂತ ಭೌಗೋಳಿಕ ಗುರುತು ಸಿಕ್ಕಿರುವ ನಮ್ಮ ಬಿಳಿ ರೇಷ್ಮೆ ಪಂಚೆಯಲ್ಲಿ ಆ ಗೆರೆ ಮದುವೆ ಮನೆಯ ತುಂಬ ಕಾಣುತ್ತದೆ. ಮಳೆಗಾಲದಲ್ಲಿ ಹತ್ತಿ ಹಗ್ಗ ತೇವ ಹೀರಿ ಬಿಗಿಯುತ್ತದೆ, ತುಳಿಯುವ ಹಲಗೆ ಮೇಲೇರುತ್ತದೆ, ಗಂಟು ಸಡಿಲಿಸಬೇಕು. ಬೇಸಿಗೆಯಲ್ಲಿ ಅದೇ ಹಗ್ಗ ಜೋತುಬೀಳುತ್ತದೆ, ಎಳೆದು ಕಟ್ಟಬೇಕು. ಲಾಳಿಯ ಮೂತಿ ಒರಟಾದರೆ ನೂಲು ಹರಿಯುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿ ಎಣ್ಣೆ ಸವರಬೇಕು. ಇದನ್ನೆಲ್ಲ ರಿಪೇರಿ ಅಂತ ನಾವು ಕರೆಯುವುದೂ ಇಲ್ಲ. ನೇಯುವ ಕೆಲಸದಲ್ಲಿ ಅದೂ ಒಂದು. ನಿಲ್ಲಿಸು, ನೋಡು, ಕಟ್ಟು, ಮುಂದೆ ಹೋಗು.

ತೊಂದರೆ ಶುರುವಾದದ್ದು ಇದೇ ಬುದ್ಧಿಯನ್ನು ಗಂಡಸರು ಮಗ್ಗದಿಂದ ಎದ್ದು ಮನೆಯ ಉಳಿದ ಸಾಮಾನುಗಳ ಮೇಲೆ ಪ್ರಯೋಗಿಸಿದಾಗ. ಮಗ್ಗದ ಎಲ್ಲಾ ಅಂಗಾಂಗ ಕಣ್ಣಿಗೆ ಕಾಣುತ್ತದೆ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಬೆರಳಿಟ್ಟು ಹೇಳಬಹುದು. ಮಿಕ್ಸಿ ಹಾಗಲ್ಲ. ಅದರ ಹೊಟ್ಟೆ ಮುಚ್ಚಿದೆ. ಮುಚ್ಚಿದ್ದನ್ನು ಕಂಡರೆ ಮಾವನಿಗೆ ತಡೆಯದು.

ಅವರ ಆಸ್ತಿ ಒಂದು ಬಿಸ್ಕತ್ ಡಬ್ಬ. ಅದರ ತುಂಬ ಸ್ಕ್ರೂ, ನಟ್ಟು, ವಾಷರು, ಸ್ಪ್ರಿಂಗು. ಹಳೇ ರೇಡಿಯೋದಿಂದ ಕಿತ್ತದ್ದು, ಸೈಕಲ್ ಡೈನಮೋದಿಂದ ಬಂದದ್ದು, ಯಾವುದರದ್ದು ಅಂತ ಮರೆತುಹೋದದ್ದು. ಏನು ಬಿಚ್ಚಿ ಜೋಡಿಸಿದರೂ ಕೊನೆಗೆ ಒಂದೋ ಎರಡೋ ಮಿಗುತ್ತವೆ. "ಕಂಪನಿಯವನು ಧಾರಾಳಿ, ಜಾಸ್ತಿ ಹಾಕಿರ್ತಾನೆ" ಅಂತ ಡಬ್ಬಕ್ಕೆ ಸೇರಿಸುತ್ತಾರೆ. ಸರಕಾರವೂ ಹೀಗೇ ಅನ್ನುವುದು ಅವರ ವಾದ. 1965ರಲ್ಲಿ ಸೇಲಂ ಜಿಲ್ಲೆಯನ್ನು ಬಿಚ್ಚಿದರು, ಧರ್ಮಪುರಿ ಮಿಕ್ಕಿತು. 1997ರಲ್ಲಿ ಮತ್ತೆ ಬಿಚ್ಚಿದರು, ನಾಮಕ್ಕಲ್ ಮಿಕ್ಕಿತು. 2004ರಲ್ಲಿ ಧರ್ಮಪುರಿಯನ್ನೇ ಬಿಚ್ಚಿದರು, ಕೃಷ್ಣಗಿರಿ ಮಿಕ್ಕಿತು. "ಎಲ್ಲಾ ಓಡ್ತಾ ಇಲ್ವಾ? ಹಂಗೇ ಇದೂ ಓಡತ್ತೆ."

ಮಾವನ ಕೈ ನಿಜಕ್ಕೂ ಪಳಗಿದ್ದು ಟಿವಿಎಸ್ 50 ಮೇಲೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಿದ್ದ ಗಾಡಿ ಅದು. ಆಗ ಹೊಸೂರು ಧರ್ಮಪುರಿ ಜಿಲ್ಲೆ. ಅಂದರೆ ಗಾಡಿ ನಮ್ಮ ಸೀಮೆಯದೇ, ನಮ್ಮ ಭಾಷೆ ಕೇಳುವ ಊರಿನದೇ ಅಂತ ಮಾವನಿಗೆ ಹೆಮ್ಮೆ. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅಂತ ಕಂಪನಿ ಹೇಳಿತು. ಇಬ್ಬರು ಅನ್ನುವುದನ್ನು ನಮ್ಮ ಕಡೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗಂಡ, ಹೆಂಡತಿ, ಮುಂದೆ ನಿಂತ ಮಗು, ಮಡಿಲ ಮಗು, ಕಾಲ ಸಂದಿಯಲ್ಲಿ ನೂಲಿನ ಮೂಟೆ, ಇಷ್ಟನ್ನು ಹೊತ್ತು ಐವತ್ತು ಸಿಸಿಯ ಆ ಬಡಪಾಯಿ ಏರು ಹತ್ತುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಇಂಜಿನ್ನು. ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುವುದರಿಂದ ಪ್ಲಗ್ಗಿನ ಮೂತಿಗೆ ಮಸಿ ಕಟ್ಟುತ್ತದೆ, ಕಿಡಿ ಹಾರುವುದಿಲ್ಲ, ಗಾಡಿ ನಿಲ್ಲುತ್ತದೆ. ಪ್ಲಗ್ ಬಿಚ್ಚು, ಉಪ್ಪುಕಾಗದದಲ್ಲಿ ಉಜ್ಜು, ಹ್ಯಾಕ್ಸಾ ಬ್ಲೇಡಿನಷ್ಟು ಸಂದು ಬಿಡು, ತಿರುಗಿ ಹಾಕು, ತುಳಿ. ಬೀದಿಯ ಅರ್ಧ ಹುಡುಗರಿಗೆ ಮಾವ ಈ ಮಂತ್ರ ಹೇಳಿಕೊಟ್ಟರು. ಮಂಗಳವಾರ ಚೌಡೇಶ್ವರಿ ಗುಡಿಗೆ ಹೋಗುವವರಿಗಿಂತ ಪ್ಲಗ್ ಉಜ್ಜಿಸಲು ಗೋಡೆಯ ಬಳಿ ಬರುವವರೇ ಹೆಚ್ಚಿದ್ದ ಕಾಲವೊಂದಿತ್ತು.

2015ರಲ್ಲಿ ಟಿವಿಎಸ್ ಎಕ್ಸ್‌ಎಲ್ 100 ಬಂತು. ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವುದು ನಿಂತಿತು. ಐದು ವರ್ಷ ಕಳೆದ ಮೇಲೆ ಕಾರ್ಬೊರೇಟರೂ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಮಾವನ ಮಗ ಹೊಸ ಗಾಡಿ ತಂದ ದಿನ ಅವರು ಅದರ ಸುತ್ತ ಪ್ರದಕ್ಷಿಣೆ ಹಾಕಿ, ಬಗ್ಗಿ, ಎದ್ದು, ಗೋಡೆಯ ಬಳಿ ಬಂದು ಹೇಳಿದರು: "ಚೆನ್ನಾಗೈತಮ್ಮಾ. ಕೆಡೋ ಜಾಗವೇ ಕಾಣ್ತಿಲ್ಲ." ಇಷ್ಟು ದುಃಖದಲ್ಲಿ ಅವರು ಯಾವುದನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಗಾಡಿ ಕೈತಪ್ಪಿದ ಮೇಲೆ ಅವರ ಗಮನ ಪೂರ್ತಿ ಅಡುಗೆಮನೆಗೆ ತಿರುಗಿತು. ಅಡುಗೆಮನೆಯಲ್ಲಿ ಸಾಮಾನಿಗೇನೂ ಬರ ಇರಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರ ರೇಷನ್ ಕಾರ್ಡಿನ ಮನೆಗಳಿಗೆ ಮಿಕ್ಸಿ, ಗ್ರೈಂಡರು, ಫ್ಯಾನು ಪುಕ್ಕಟೆ ಹಂಚಲು ಶುರುಮಾಡಿತಲ್ಲ, ಬೀದಿಯಲ್ಲಿ ಮೆರವಣಿಗೆಯೇ ಆಗಿಹೋಯಿತು. ಯಂತ್ರ ಬಂದ ಮೇಲೆ ಯಂತ್ರಕ್ಕೆ ವಯಸ್ಸಾಗಲೇಬೇಕು. ಫ್ಯಾನು ನಿಧಾನ ತಿರುಗಿದರೆ ಮಾವ ಓಲ್ಟೇಜನ್ನು ಬೈಯುತ್ತಾ ಕೋಲಿನಿಂದ ರೆಕ್ಕೆಯನ್ನು ತಳ್ಳಿ ಚಾಲೂ ಮಾಡುತ್ತಿದ್ದರು. ಮಿಕ್ಸಿಯ ಜಾರು ತಿರುಗದಿದ್ದರೆ ಕೆಳಗಿನ ರಬ್ಬರ್ ಕಪ್ಲರ್ ಸವೆದಿದೆ ಅಂತ ಅವರಿಗೂ ಗೊತ್ತು. ಆದರೆ ಬಹುಪಾಲು ಮಿಕ್ಸಿಗಳಲ್ಲಿ ಆ ಕಪ್ಲರಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಸೈಕಲ್ಲಿನ ಎಡಗಡೆ ಪೆಡಲ್ಲಿಗೂ ಉಲ್ಟಾ ಮರೆ, ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ. ಇದನ್ನು ತಿಳಿಯದವರು ಬಿಚ್ಚುತ್ತೇನೆ ಅಂದುಕೊಂಡು ಇನ್ನಷ್ಟು ಬಿಗಿಮಾಡುತ್ತಾರೆ. ಬಿಗಿಯಾದಷ್ಟೂ ಮೈಯೆಲ್ಲ ಬಲ ಹಾಕುತ್ತಾರೆ. ಮಾವ ಸೈಕಲ್ಲಿನವರಾದ್ದರಿಂದ ಪೆಡಲ್ಲಿನ ವಿಷಯ ಗೊತ್ತಿತ್ತು. ಮಿಕ್ಸಿಗೂ ಅದೇ ನ್ಯಾಯ ಅಂತ ಅವರಿಗೆ ತಿಳಿಯುವಷ್ಟರಲ್ಲಿ ಕಪ್ಲರ್ ಎರಡು ಹೋಳಾಗಿತ್ತು, ಅತ್ತೆ ಚಟ್ನಿಯನ್ನು ನಮ್ಮ ಮನೆಯಲ್ಲಿ ರುಬ್ಬಿಕೊಂಡು ಹೋದರು.

ಗ್ರೈಂಡರಿನ ವಿಷಯಕ್ಕೆ ಮಾತ್ರ ಮಾವ ಭಕ್ತಿಯಿಂದ ಕೈಹಾಕುತ್ತಾರೆ. ಕರೆಂಟಿನಿಂದ ತಿರುಗುವ ರುಬ್ಬುಗಲ್ಲು 1955ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿತು, ಅಂದರೆ ತಮ್ಮದೇ ಹತ್ತಿರದ ವಯಸ್ಸಿನದು ಅಂತ. ಹಿಂದೆ ಕೈಯಲ್ಲಿ ರುಬ್ಬುವ ಕಲ್ಲು ನುಣ್ಣಗಾದರೆ ಉಳಿ ಸುತ್ತಿಗೆ ಹಿಡಿದವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಅಂಗಳದಲ್ಲಿ ಕೂತು ಟಕಟಕ ಹೊಡೆದು ಕಲ್ಲಿಗೆ ಮತ್ತೆ ಹಲ್ಲು ಬರಿಸಿ ಹೋಗುತ್ತಿದ್ದರು. ಈಗಿನ ಗ್ರೈಂಡರಿನಲ್ಲಿ ಕಲ್ಲಿಗಿಂತ ಮೊದಲು ಬೆಲ್ಟು ಸಡಿಲಾಗುತ್ತದೆ. ಅದಕ್ಕೆ ಮಾವನ ಮದ್ದು, ಹಿಟ್ಟು ರುಬ್ಬುವಷ್ಟು ಹೊತ್ತೂ ಗ್ರೈಂಡರಿನ ಒಂದು ಕಾಲಿನ ಕೆಳಗೆ ಮಡಿಸಿದ ದಿನತಂತಿ ಪತ್ರಿಕೆ. ಯಾವ ದಿನದ ಪತ್ರಿಕೆಯಾದರೂ ನಡೆಯುವುದಿಲ್ಲ. ಭಾನುವಾರದ್ದೇ ಬೇಕು, ದಪ್ಪ ಇರುತ್ತದೆ.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮಾತಿನ ಬಾಗಿಲಿಗೆ ಬಂದೆ. ಸ್ವಂತ ಕೈಯಿಂದ ರಿಪೇರಿ ಮಾಡಿದ ಪ್ರತಿ ವಸ್ತುವಿನ ಜೊತೆ ಒಂದೊಂದು ಸೂಚನೆ ಹುಟ್ಟುತ್ತದೆ. ಗ್ರೈಂಡರಿಗೆ ಭಾನುವಾರದ ಪತ್ರಿಕೆ. ಫ್ಯಾನಿಗೆ ಕೋಲು. ಹಿತ್ತಲ ಬಾಗಿಲ ಚಿಲಕ ತೆಗೆಯಬೇಕಾದರೆ ಬಾಗಿಲನ್ನು ಮೊಣಕಾಲಿಂದ ಒತ್ತಬೇಕು. ಬಚ್ಚಲ ದೀಪದ ಸ್ವಿಚ್ಚು ಅಡುಗೆಮನೆಯಲ್ಲಿದೆ. ಅದನ್ನು ಹಾಕಿದರೆ ಪೂಜೆಮನೆಯ ದೀಪವೂ ಹತ್ತುತ್ತದೆ, ಗಾಬರಿ ಬೇಡ. ಟಿವಿ ರಿಮೋಟಿನ ಹಿಂಭಾಗವನ್ನು ಹೆಬ್ಬೆರಳಿಂದ ಅದುಮಿ ಹಿಡಿಯಬೇಕು. ಸ್ಟವ್ವಿನ ಎಡಗಡೆ ಗುಬುಟು ತಿರುಗುವುದಿಲ್ಲ, ಅದಕ್ಕೊಂದು ಇಕ್ಕಳ ಪಕ್ಕದಲ್ಲೇ ನೇತುಹಾಕಿದೆ. ಹೀಗೆ ವರ್ಷ ಕಳೆದಂತೆ ಮನೆ ತನ್ನವರಿಗೆ ಮಾತ್ರ ಮಾತು ಕೇಳುವ ಮನೆ ಆಗಿಬಿಡುತ್ತದೆ. ಹೊರಗಿನವರು ಬಂದರೆ ಅದರಲ್ಲಿ ಒಂದು ಲೋಟ ನೀರು ಹಿಡಿಯಲೂ ಮಾರ್ಗದರ್ಶನ ಬೇಕು.

ನೀರಿನ ನಲ್ಲಿಯದಂತೂ ದೊಡ್ಡ ಪುರಾಣ. ನಮ್ಮ ಬೋರ್ ನೀರು ಗಡಸು. ಕರ್ನಾಟಕದವರಿಗೆ ಬೋರ್ ಅಂದಕೂಡಲೇ ನೆನಪಾಗುವ, ಊರೂರು ಸುತ್ತಿ ಕೊರೆಯುವ ಆ ಉದ್ದ ಲಾರಿಗಳು ತಿರುಚೆಂಗೋಡಿನವು, ಹಳೆಯ ಸೇಲಂ ಜಿಲ್ಲೆಯವೇ. ನಿಮ್ಮ ಊರಿಗೆ ನೀರು ಹುಡುಕಿಕೊಡಲು ಬರುವವರ ಊರಿನ ನೀರೇ ಹೀಗೆ. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ, ಷವರಿನ ತೂತಿನಲ್ಲಿ ಸುಣ್ಣ, ನಲ್ಲಿಯ ಗಂಟಲಲ್ಲಿ ಸುಣ್ಣ. ಹುಣಿಸೆ ನೀರಿನಲ್ಲೋ ನಿಂಬೆಹುಳಿಯಲ್ಲೋ ರಾತ್ರಿಯಿಡೀ ನೆನೆಹಾಕಿದರೆ ಹುಳಿಗೆ ಸುಣ್ಣ ಕರಗಿ ಬೆಳಗ್ಗೆ ನಲ್ಲಿ ಹೊಳೆಯುತ್ತದೆ. ಆದರೆ ಅದಕ್ಕೆ ನಲ್ಲಿಯನ್ನು ಬಿಚ್ಚಬೇಕು, ಬಿಚ್ಚಿದರೆ ಒಳಗಿನ ವಾಷರ್ ಸವೆದದ್ದು ಕಾಣುತ್ತದೆ, ಕಂಡರೆ ಪೇಟೆಗೆ ಹೋಗಿ ಹೊಸದು ತರಬೇಕು. ಮಾವ ಇಷ್ಟು ದೂರ ಹೋಗುವುದಿಲ್ಲ. ಡಬ್ಬದಲ್ಲಿ ಸಿಕ್ಕ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ವಾಷರ್ ಮಾಡಿ ಒಳಗೆ ತುರುಕಿದರು. ಅಂದಿನಿಂದ ಆ ನಲ್ಲಿಯನ್ನು ಎಡಕ್ಕೆ ಮುಕ್ಕಾಲು ತಿರುಗಿಸಿ, ಸ್ವಲ್ಪ ಎತ್ತಿ, ಮತ್ತೆ ಬಲಕ್ಕೆ ಒಂದು ಕೂದಲೆಳೆ ತಂದರೆ ನೀರು ಬರುತ್ತದೆ. ಎತ್ತುವುದನ್ನು ಮರೆತರೆ ಮುಖಕ್ಕೆ ಬರುತ್ತದೆ.

ನಮ್ಮ ಕನ್ನಡವೂ ಹೀಗೇ ಅಲ್ಲವೇ ಅಂತ ಒಂದೊಂದು ಸಲ ಅನ್ನಿಸುತ್ತದೆ. ಯಾವ ಕಾಲದಲ್ಲೋ ಘಟ್ಟ ಇಳಿದು ಬಂದವರು ತಂದ ಮಾತು. ಬಿಡಿಭಾಗಕ್ಕೆ ಮೈಸೂರಿಗೆ ಹೋಗುವ ದಾರಿ ಇರಲಿಲ್ಲ. ಒಂದು ಸವೆದಾಗ ಪಕ್ಕದ ತಮಿಳಿನಂಗಡಿಯಲ್ಲಿ ಸಿಕ್ಕ ಬೋಲ್ಟು ಹಾಕಿ ಬಿಗಿದುಕೊಂಡು ಓಡಿಸಿದೆವು. ಇವತ್ತಿಗೂ ಓಡುತ್ತಿದೆ. ಬೆಂಗಳೂರಿನವರು ಬಂದು ಕೇಳಿದರೆ ಎಲ್ಲಿ ಎತ್ತಬೇಕು, ಎಲ್ಲಿ ತಿರುಗಿಸಬೇಕು ತಿಳಿಯದೆ ಒದ್ದಾಡುತ್ತಾರೆ, ಅಷ್ಟೇ.

ಮಾವನಿಗೆ ಈ ಗುಟ್ಟಿನಲ್ಲೇ ಒಂದು ಸುಖ. ತಮ್ಮ ರಿಪೇರಿಯ ಒಳಮರ್ಮವನ್ನು ಯಾರಿಗೂ ಪೂರ್ತಿ ಹೇಳರು. ಕೇಳಿದರೆ ಹೀತ್ ದೊರೆಯ ಕಥೆ ತೆಗೆಯುತ್ತಾರೆ. ಜೋಸಯಾ ಮಾರ್ಷಲ್ ಹೀತ್, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ಸೇಲಂನಲ್ಲಿದ್ದವನು. ನಮ್ಮ ಕಂಜಮಲೆಯ ಸೀಮೆಯ ಕಬ್ಬಿಣದ ಅದಿರಿಗೆ ಮನಸೋತು ಕೆಲಸ ಬಿಟ್ಟು, 1830ರಲ್ಲಿ ಪೋರ್ಟೋ ನೋವೋದಲ್ಲಿ, ಅಂದರೆ ಪರಂಗಿಪೇಟೆಯಲ್ಲಿ, ಕಬ್ಬಿಣದ ಕಾರ್ಖಾನೆ ಹಾಕಿದ. ಆಮೇಲೆ ಇಂಗ್ಲೆಂಡಿಗೆ ಹಿಂತಿರುಗಿ, ಉಕ್ಕು ಕರಗಿಸುವಾಗ ಮ್ಯಾಂಗನೀಸ್ ಸೇರಿಸಿದರೆ ಸುತ್ತಿಗೆಗೆ ಚೆನ್ನಾಗಿ ಬಗ್ಗುತ್ತದೆ ಅಂತ ಕಂಡುಕೊಂಡು 1839ರಲ್ಲಿ ಪೇಟೆಂಟ್ ಪಡೆದ. ಶೆಫೀಲ್ಡಿನ ಉಕ್ಕಿನವರು ಉಪಾಯವನ್ನು ಇನ್ನೊಂದು ರೀತಿಯಲ್ಲಿ ಬಳಸಿಕೊಂಡರು, ದುಡ್ಡು ಕೊಡಲಿಲ್ಲ. ಹೀತ್ ಕೋರ್ಟು ಹತ್ತಿದ. ವ್ಯಾಜ್ಯ ತೀರುವ ಮೊದಲೇ 1851ರಲ್ಲಿ ತೀರಿಕೊಂಡ. "ಗುಟ್ಟು ಬಿಟ್ಟುಕೊಟ್ಟವನಿಗೆ ಕೋರ್ಟು, ಕೇಳಿಸಿಕೊಂಡವನಿಗೆ ಲಾಭ" ಅನ್ನುವುದು ಮಾವ ಇದರಿಂದ ತೆಗೆದ ನೀತಿ. ಸೈಕಲ್ ಟ್ಯೂಬಿನ ವಾಷರಿಗೂ ಪೇಟೆಂಟಿಗೂ ಏನು ಸಂಬಂಧ ಅಂತ ಅತ್ತೆ ಒಳಗಿನಿಂದ ಕೇಳಿದರೆ, ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಾರೆ.

ಹೀಗಿದ್ದ ಮನೆಗೆ ಧರ್ಮಪುರಿ ಕಡೆಯಿಂದ ಸೊಸೆ ಬಂದಳು. ಐಟಿಐ ಓದಿದವಳು. ಮೊದಲ ವಾರ ಯಾವುದನ್ನೂ ಮುಟ್ಟಲಿಲ್ಲ, ಎಲ್ಲವನ್ನೂ ನೋಡಿದಳು. ಮುಖಕ್ಕೆ ನೀರು ಚಿಮ್ಮಿದರೂ ಸೆರಗಲ್ಲಿ ಒರೆಸಿಕೊಂಡಳೇ ಹೊರತು ಮಾತಾಡಲಿಲ್ಲ. ನೀರಿನ ಬೆಲೆ ಅವಳಿಗೆ ಗೊತ್ತು. ಅವರ ಕಡೆ ಬೋರ್ ನೀರಿನಲ್ಲಿ ಫ್ಲೋರೈಡು. ಬಂಡೆಯಿಂದಲೇ ಕರಗಿ ಬರುವಂಥದ್ದು, ಕುದಿಸಿದರೂ ಹೋಗುವುದಿಲ್ಲ. ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರಿಗೆ ಬಗ್ಗದ ಮಂಡಿ. 2013ರಲ್ಲಿ ಜಪಾನಿನ ಸಾಲದ ನೆರವಿನ ಹೊಗೇನಕಲ್ ಯೋಜನೆಯಿಂದ ಕಾವೇರಿ ನೀರು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹರಿಯಿತು. ನದಿಯ ಆಚೆ ದಡ, ಈಚೆ ದಡ ಅಂತ ಎರಡು ರಾಜ್ಯಗಳ ನಡುವೆ ಆ ಯೋಜನೆಯ ಮೇಲೆ ನಡೆದ ಗಲಾಟೆ ನಿಮಗೂ ನೆನಪಿರಬಹುದು. ನಮಗೆ ಎರಡೂ ದಡದಲ್ಲಿ ನೆಂಟರು. ಯಾರ ಪರ ಬೈಯಬೇಕು ಅಂತ ತಿಳಿಯದೆ ಸುಮ್ಮನಿದ್ದೆವು. ಅವಳಂತೂ ಒಂದು ಮಾತು ಹೇಳಿದಳು: "ಅತ್ತೆ, ನಮ್ಮೂರಲ್ಲಿ ನೀರು ಕೆಟ್ಟಿತ್ತು, ನಲ್ಲಿ ನೆಟ್ಟಗಿತ್ತು."

ಅವಳು ಬಾಯಿ ತೆರೆದದ್ದು ಮೊದಲು ಮೂರು ಪಿನ್ನಿನ ವಿಷಯಕ್ಕೆ. ಗ್ರೈಂಡರಿನ ಪ್ಲಗ್ಗು ಒಡೆದಿತ್ತು. ಮಾವ ಅದನ್ನು ಕತ್ತರಿಸಿ ಎಸೆದು, ಎರಡು ವೈರನ್ನು ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಜಾರದಿರಲಿ ಅಂತ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಮೂರನೆಯ ವೈರು ಗಾಳಿಯಲ್ಲಿ. ಸೊಸೆ ಮೇನ್ ಸ್ವಿಚ್ಚು ಆಫ್ ಮಾಡಿ ಬಂದು, ವೈರು ಹೊರಗೆಳೆದು, ಕಡ್ಡಿಗಳನ್ನು ಮಾವನ ಕೈಗೆ ಕೊಟ್ಟಳು. "ಮಾವಾ, ಫ್ಯಾನಿಗೆ ಕೋಲು ಇರಲಿ, ಬಾಗಿಲಿಗೆ ಮೊಣಕಾಲಿರಲಿ. ಒದ್ದೆ ನೆಲ, ಒದ್ದೆ ಕೈ, ಕಲ್ಲಿನ ಯಂತ್ರ. ಇದಕ್ಕೆ ಅರ್ತಿಂಗ್ ಬೇಕೇ ಬೇಕು. ಇದೊಂದರಲ್ಲಿ ತಮಾಷೆ ಬೇಡ." ಮಾವ ಕಡ್ಡಿಗಳನ್ನು ನೋಡಿದರು. ಡಬ್ಬಕ್ಕೆ ಹಾಕಿಕೊಂಡರು. ಮರುದಿನ ಹೊಸ ಪ್ಲಗ್ಗು ಬಂತು. ಫ್ಯಾನನ್ನೂ ಅವಳೇ ಇಳಿಸಿದಳು. ಓಲ್ಟೇಜ್ ಅಲ್ಲ, ಒಳಗಿನ ಕೆಪಾಸಿಟರ್ ಸತ್ತಿತ್ತು. ಎರಡೂವರೆ ಮೈಕ್ರೊಫ್ಯಾರಡ್ ಅಂತ ಹಳೆಯದರ ಮೇಲೇ ಬರೆದಿತ್ತು. ಅದೇ ಅಳತೆಯ ಹೊಸದು ಹಾಕಿದ ಮೇಲೆ ಕೋಲಿಗೆ ಕೆಲಸ ತಪ್ಪಿತು.

ಮಾವನ ಸಂಸ್ಥಾನ ನಿಜವಾಗಿ ಅಲುಗಾಡಿದ್ದು ಅವರು ಕುಲದೇವಿಯ ಹಬ್ಬಕ್ಕೆಂದು ಊರು ಬಿಟ್ಟಾಗ. ಮನೆಯ ನೀರೆತ್ತುವ ಮೋಟಾರಿನ ಸ್ಟಾರ್ಟರು ಅವರ ಕೈಗೆ ಮಾತ್ರ ಬಗ್ಗುತ್ತಿತ್ತು. ಟ್ಯಾಂಕು ಬರಿದಾಯಿತು. ಫೋನು ಹಾಕಿದರೆ ಅಲ್ಲಿ ಗುಡಿಯ ಮುಂದೆ ತಮಟೆ, ಕೂಗು. ಅದರ ನಡುವೆ ಮಾವನ ಸೂಚನೆ: "ಹಸಿರು ಬಟನ್ ಒತ್ತು... ಬಿಡಬೇಡ... ಎಣಿಸು... ಡಬ್ಬದ ಎಡಗಡೆ ಮೆಲ್ಲಗೆ ತಟ್ಟು... ಮೆಲ್ಲಗೆ ಅಂದ್ನಲ್ಲಾ... ಶಬ್ದ ಹೆಂಗ್ ಬಂತು?" ಶಬ್ದ ಹೇಗೆ ಬಂತು ಅನ್ನುವುದನ್ನು ಫೋನಿನಲ್ಲಿ ಅಭಿನಯಿಸಿ ತೋರಿಸಬೇಕಾಯಿತು. ಸೊಸೆ ಫೋನಿಟ್ಟು, ಆ ಡಬ್ಬವನ್ನು ತಟ್ಟುವುದಿಲ್ಲ, ತೆರೆಸುತ್ತೇನೆ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ಬರುವ ತನಕ ಆ ಮನೆಯವರು ನಮ್ಮ ಗೋಡೆಯ ಮೇಲಿಂದ ಕೊಡದಲ್ಲಿ ನೀರು ತೆಗೆದುಕೊಂ‌ಡರು.

ಮಾವ ಬಂದ ಮೇಲೆ ದೊಡ್ಡ ಮಾತುಕತೆ ಆಯಿತು. ಗೋಡೆ ಇದ್ದದ್ದರಿಂದ ನನಗೂ ಕೇಳಿಸಿತು. ಕೇಳಿಸದಿದ್ದರೆ ಹತ್ತಿರ ಹೋಗುತ್ತಿದ್ದೆ. "ನಾನು ಇಷ್ಟು ವರ್ಷ ಓಡಿಸಿದ್ದು ರಿಪೇರಿ ಅಲ್ವೇನಮ್ಮಾ?" ಅಂದರು ಮಾವ. ಸೊಸೆ ಹೇಳಿದಳು: "ಓಡಿಸಿದ್ದು ನಿಜ ಮಾವಾ, ಅದಕ್ಕೆ ಕೈಮುಗೀತೀನಿ. ಆದ್ರೆ ಹೊಸಬರು ಯಾರನ್ನೂ ಕೇಳದೆ ಬಳಸೋ ಹಂಗಿದ್ರೆ ಮಾತ್ರ ಅದು ಸರಿಹೋಯ್ತು ಅಂತ ಲೆಕ್ಕ. ಇಲ್ಲಾಂದ್ರೆ ಅದು ಇನ್ನೂ ಕೆಟ್ಟೇ ಇದೆ, ನಿಮ್ಮ ಮುಲಾಜಿಗೆ ಓಡ್ತಾ ಇದೆ."

ನಾನು ಮಗ್ಗಕ್ಕೆ ವಾಪಸು ಬಂದು ಕೂತು ಯೋಚಿಸಿದೆ. ಹುಡುಗಿ ಹೇಳಿದ್ದು ನಮ್ಮ ಮಗ್ಗದ ನ್ಯಾಯವೇ. ಕಡಿದ ಎಳೆಗೆ ನಾನು ಹಾಕುವ ಗಂಟು ನನಗೆ ಮಾತ್ರ ತಿಳಿದ ಗಂಟಲ್ಲ. ಊಟಕ್ಕೆ ಎದ್ದು ಹೋದರೆ ನನ್ನ ಅಕ್ಕ ಬಂದು ಕೂತು ಅದೇ ಹಾಸಿನಲ್ಲಿ ಮುಂದಕ್ಕೆ ನೇಯಬಹುದು. ಗಂಟು ಎಲ್ಲಿದೆ ಅಂತ ಅವಳು ಕೇಳುವ ಹಾಗಿಲ್ಲ; ಕೇಳಬೇಕಾಗಿ ಬಂದರೆ ಗಂಟು ದಪ್ಪವಾಗಿದೆ ಅಂತ ಅರ್ಥ. ಮಗ್ಗದಲ್ಲಿ ಇಷ್ಟು ಶಿಸ್ತಿನವರು ನಲ್ಲಿಯ ಹತ್ತಿರ ಯಾಕೆ ಹೀಗಾಗುತ್ತಾರೆ ಅಂತ ಕೇಳಿದರೆ, ಪಂಚೆಗೆ ದುಡ್ಡು ಕೊಡುವವನು ಹೊರಗಿನವನು, ನಲ್ಲಿ ಬಳಸುವವರು ಮನೆಯವರು. ಹೊರಗಿನವನಿಗೆ ತಪ್ಪು ಕಾಣಬಾರದು. ಮನೆಯವರು ಹೊಂದಿಕೊಳ್ಳುತ್ತಾರೆ. ಮನೆಯವರು ಅಂದರೆ ಇಲ್ಲಿ ಹೆಂಗಸರು ಅಂತ ಓದಿಕೊಳ್ಳಬಹುದು.

ಆ ವರ್ಷದ ಆಯುಧಪೂಜೆಯನ್ನು ಸೊಸೆ ಬಿಡಲಿಲ್ಲ. ನಮ್ಮ ಬೀದಿಯಲ್ಲಿ ಆಯುಧಪೂಜೆ ಅಂದರೆ ಎರವಲು ಹೋದದ್ದೆಲ್ಲ ಮನೆಗೆ ಬರುವ ಹಬ್ಬ. ಮಗ್ಗಕ್ಕೆ ವಿಭೂತಿ, ಲಾಳಿಗೆ ಕುಂಕುಮ, ಗಾಡಿಗೆ ಬಾಳೆಕಂದು, ಬೂದುಕುಂಬಳ, ಪುರಿ, ಕಡಲೆ. ವರ್ಷವಿಡೀ ಕಾಣದ ಸ್ಪ್ಯಾನರು ಅವತ್ತು ಯಾರದೋ ಮನೆಯಲ್ಲಿ ಗಂಧ ಹಚ್ಚಿಸಿಕೊಂಡು ಕೂತಿರುತ್ತದೆ. ಮಾವನ ಸುತ್ತಿಗೆ ಎದುರು ಮನೆಯಲ್ಲಿ ಪೂಜೆಗೊಳ್ಳುತ್ತಿತ್ತು. ಎದುರು ಮನೆಯವರ ಗರಗಸ ಮಾವನ ಸಾಲಿನಲ್ಲಿ. ಪೂಜೆಗೆ ಇಟ್ಟ ಸಾಮಾನನ್ನು ಅವತ್ತು ಮುಟ್ಟುವ ಹಾಗಿಲ್ಲ. ಹಾಗಾಗಿ ಗಂಡಸರು ಕೈಕಟ್ಟಿ ಕೂತಿರುವ ಆ ಒಂದು ದಿನ ಸೊಸೆ ಒಂದು ನೋಟ್‌ಬುಕ್ ಹಿಡಿದು ಮನೆಯೆಲ್ಲ ಸುತ್ತಿದಳು. ಯಾವುದಕ್ಕೆ ಏನು ಸೂಚನೆ ಅಂತ ಮಾವನನ್ನೇ ಕೇಳಿ ಬರೆದುಕೊಂಡಳು. ಪುಟ ತುಂಬಿದಂತೆ ಮಾವನ ಮುಖ ಇಳಿಯಿತು. ಅಷ್ಟು ಉದ್ದ ಇದೆ ಅಂತ ಅವರಿಗೇ ಗೊತ್ತಿರಲಿಲ್ಲ.

ಆಮೇಲಿಂದ ಒಂದೊಂದಾಗಿ ಆ ಪಟ್ಟಿಯ ಸಾಲುಗಳ ಮೇಲೆ ಗೀಟು ಬೀಳುತ್ತಿದೆ. ಕೆಲಸ ಮಾವನದೇ, ಮೇಲ್ವಿಚಾರಣೆ ಸೊಸೆಯದು. ಚಿಲಕ ಎರಡು ನೂಲಿನಷ್ಟು ಕೆಳಗಿಳಿಯಿತು, ಮೊಣಕಾಲಿಗೆ ಬಿಡುವಾಯಿತು. ಗ್ರೈಂಡರಿಗೆ ಸರಿಯಾದ ಬೆಲ್ಟು ಬಂತು. ಪೂಜೆಮನೆಯ ದೀಪಕ್ಕೂ ಬಚ್ಚಲ ದೀಪಕ್ಕೂ ವಿಚ್ಛೇದನ ಆಯಿತು. ದೇವರಿಗೂ ನೆಮ್ಮದಿ ಸಿಕ್ಕಿರಬೇಕು. ಕೊನೆಗೆ ನಲ್ಲಿಯೂ ಸರಿಹೋಯಿತು. ಹುಣಿಸೆ ನೀರಿನಲ್ಲಿ ನೆನೆದು, ಅಂಗಡಿಯ ವಾಷರ್ ಹಾಕಿಸಿಕೊಂಡು, ಈಗ ಯಾರು ತಿರುಗಿಸಿದರೂ ನೀರು ಬರುತ್ತದೆ, ಬಕೆಟ್ಟಿಗೇ ಬರುತ್ತದೆ.

"ಹೆಂಗಿದೆ ಮಾವಾ?" ಅಂತ ಮೊನ್ನೆ ಗೋಡೆಯ ಮೇಲಿಂದ ಕೇಳಿದೆ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಚೆನ್ನಾಗೇ ಇದೆಯಮ್ಮಾ. ಆದ್ರೆ ಮೊದಲು ನೆಂಟರು ಬಂದ್ರೆ ಒಂದು ದಿನ ನಲ್ಲಿ ಹತ್ರ ಒದ್ದಾಡಿ, ಮಾರನೇ ದಿನ ಬಸ್ ಹತ್ತೋರು. ಈಗ ನಿಮ್ಮ ಅತ್ತೆ ಕಡೆಯೋರು ಬಂದು ವಾರ ಆಯ್ತು. ಫ್ಯಾನೂ ತಿರುಗ್ತಿದೆ, ನೀರೂ ಬರ್ತಿದೆ. ಯಾಕೆ ಹೋಗ್ತಾರೆ ಹೇಳು?"